ಹುಳಿಗೂ ಸಾಯದ್ದು

ನನ್ನ ಅಕ್ಕನ ಕೆಲಸ ಕಳೆದ ಕಾಗದಕ್ಕೆ ಸಹಿ ಹಾಕಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಆಮೇಲೆ ಎಲ್ಲರೂ ಅದನ್ನೇ ಹಿಡಿದುಕೊಂಡರು. "ಒಡಹುಟ್ಟಿದ ತಂಗಿಯೇ ಬರೆದುಕೊಟ್ಟಿದ್ದಾಳೆ, ಇನ್ನೇನು ಬೇಕು?" ಎಂದರು.

ನಾವಿಬ್ಬರೂ ಒಂದೇ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದೆವು. ಅಕ್ಕ ನೆಲಮಹಡಿಯ ಅಡುಗೆಮನೆಯಲ್ಲಿ, ನಾನು ಮೂರನೇ ಮಹಡಿಯ ಲ್ಯಾಬಿನಲ್ಲಿ. ಮಲ, ಮೂತ್ರ, ಕಫ, ಕೀವು, ಹೀಗೆ ಜನ ಮುಖ ತಿರುಗಿಸುವುದನ್ನೆಲ್ಲ ಗಾಜಿನ ತಟ್ಟೆಯಲ್ಲಿ ಬೆಳೆಸಿ, ಅದರಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಎಂದು ಹೇಳುವುದು ನನ್ನ ಕೆಲಸ. "ನಾನು ಊಟ ಹಾಕಿ ಕಳಿಸ್ತೀನಿ, ನೀನು ಅದು ಹೊರಗೆ ಬಂದ ಮೇಲೆ ನೋಡ್ತೀಯ. ಒಟ್ನಲ್ಲಿ ಮನೆತನದ ಉದ್ಯೋಗ" ಎಂದು ಅಕ್ಕ ನಗುತ್ತಿದ್ದಳು.

ಹದಿನೆಂಟು ವರ್ಷ ಆ ಅಡುಗೆಮನೆಯಲ್ಲಿ ದುಡಿದವಳು. ಮೊಣಕೈವರೆಗೆ ಸೋಪು ಹಚ್ಚಿ ತೊಳೆದೂ ತೊಳೆದೂ ಅವಳ ಬೆರಳ ಸಂದುಗಳು ಬಿರಿದಿದ್ದವು. ಊಟದ ಗಾಡಿಯ ಹಿಂದೆ ತಾನೂ ಮಕ್ಕಳ ವಾರ್ಡಿಗೆ ಹೋಗಿ, ಕೈಯಲ್ಲಿ ಸೌಟು ಹಿಡಿದೇ ಯಾರು ತಿಂದರು, ಯಾರು ಬಿಟ್ಟರು ಎಂದು ವಿಚಾರಿಸುತ್ತಿದ್ದಳು. ಮಕ್ಕಳು ಅವಳಿಗೆ ಸೌಟಮ್ಮ ಎಂದು ಹೆಸರಿಟ್ಟಿದ್ದವು.

ಆ ಸೋಮವಾರ ಬೆಳಿಗ್ಗೆ ಅದೇ ವಾರ್ಡಿನಿಂದ ಮೂರು ಮಲದ ಮಾದರಿಗಳು ಬಂದವು. ಮಧ್ಯಾಹ್ನಕ್ಕೆ ಇನ್ನೂ ನಾಲ್ಕು, ಮರುದಿನ ಎರಡು. ಒಂಬತ್ತರಲ್ಲೂ ರಕ್ತ. ಜ್ವರಕ್ಕೆ, ಉಬ್ಬಸಕ್ಕೆ, ಮೂಳೆ ಮುರಿದು ಸೇರಿದ್ದ ಮಕ್ಕಳೆಲ್ಲ ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿದ್ದವು. ಏಳನೇ ಹಾಸಿಗೆಯಲ್ಲಿ ಮೊಣಕೈ ಮುರಿದುಕೊಂಡು ಬಂದಿದ್ದ ನಾಲ್ಕು ವರ್ಷದ ಹುಡುಗಿಯೊಬ್ಬಳಿದ್ದಳು. ಬುಧವಾರ ಅವಳು ಮನೆಗೆ ಹೋಗಬೇಕಿತ್ತು. ಗುರುವಾರ ಅವಳ ಮೂತ್ರಪಿಂಡ ನಿಂತಿತು. ಶುಕ್ರವಾರ ಸತ್ತಳು. ಕೈಯ ಪ್ಲಾಸ್ಟರಿನ ಮೇಲೆ ನರ್ಸುಗಳು ಬರೆದಿದ್ದ ಹೂವಿನ ಚಿತ್ರ ಹಾಗೇ ಇತ್ತು.

ಅಷ್ಟರಲ್ಲಿ ಅಡುಗೆಮನೆಯ ಆರೂ ಜನರ ಮಾದರಿ ನನ್ನ ಮೇಜಿಗೆ ಬಂದಿತ್ತು. ಐದರಲ್ಲಿ ಏನೂ ಇರಲಿಲ್ಲ. ಆರನೆಯದರಲ್ಲಿ ಇತ್ತು. ಮಕ್ಕಳಲ್ಲಿ ಸಿಕ್ಕ ಅದೇ ಜಾತಿಯ ಬ್ಯಾಕ್ಟೀರಿಯಾ. ಡಬ್ಬಿಯ ಮೇಲೆ ಅಕ್ಕನ ಹೆಸರು.

ಮೂರು ಸಲ ಮಾಡಿ ನೋಡಿದೆ. ಮೂರು ಸಲವೂ ಅದೇ ಬಂತು. ಲ್ಯಾಬಿನ ಮುಖ್ಯಸ್ಥೆಯನ್ನು ನಾವೆಲ್ಲ ಬರೀ ಮೇಡಂ ಎನ್ನುತ್ತಿದ್ದೆವು. ಎರಡು ತಿಂಗಳಿಗೆ ನಿವೃತ್ತಿಯಾಗಲಿದ್ದ ಡಾಕ್ಟರು. ಅಳೆದು ತೂಗಿ ಮಾತಾಡುವವರು. ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, "ಇದಕ್ಕೆ ನಾನು ಸಹಿ ಹಾಕ್ಲಾ?" ಎಂದರು.

"ಬೇಡ ಮೇಡಂ. ನೋಡಿದ್ದು ನಾನು. ಇದ್ದಿದ್ದನ್ನ ಇದೆ ಅಂತಾನೇ ಬರೀಬೇಕು."

ಬರೆದೆ. ಆರೋಗ್ಯವಾಗಿರುವವರ ಕರುಳಿನಲ್ಲೂ ಇಂಥ ಬ್ಯಾಕ್ಟೀರಿಯಾ ಸುಮ್ಮನೆ ಇರಬಹುದು, ಇದೊಂದರಿಂದಲೇ ಮೂಲ ತೀರ್ಮಾನಿಸಲಾಗದು ಎಂದು ಕೆಳಗೆ ಎರಡು ಸಾಲು ಸೇರಿಸಿದೆ. ಆ ಎರಡು ಸಾಲನ್ನು ಯಾರೂ ಓದಲಿಲ್ಲ. ಓದಿಯೂ ಓದದಂತಿದ್ದರು ಎಂದರೆ ಹೆಚ್ಚು ಸರಿ.

ನಮ್ಮ ಆಡಳಿತಾಧಿಕಾರಿಗೆ ಆಸ್ಪತ್ರೆಯವರೆಲ್ಲ ಬೆಣ್ಣೆ ಸಾಹೇಬರು ಎನ್ನುತ್ತಿದ್ದರು. ಜೋರು ಮಾತಿಲ್ಲ, ಬೈಗುಳವಿಲ್ಲ. ಕತ್ತು ಕೊಯ್ಯುವಾಗಲೂ "ದಯವಿಟ್ಟು" ಎನ್ನುವ ಜಾತಿ. ವರದಿ ಕೈಸೇರಿದ ಒಂದು ಗಂಟೆಯೊಳಗೆ ಅವರು ಅಕ್ಕನನ್ನು ಕೆಲಸದಿಂದ ತೆಗೆದರು. ಸಂಜೆ ಪತ್ರಕರ್ತರನ್ನು ಕರೆಸಿ, "ಸೋಂಕಿನ ಮೂಲ ಪತ್ತೆಯಾಗಿದೆ. ಅಡುಗೆಯವರೊಬ್ಬರ ಸ್ವಚ್ಛತೆಯ ಕೊರತೆ. ಕ್ರಮ ಕೈಗೊಂಡಿದ್ದೇವೆ" ಎಂದು ಕೈ ಮುಗಿದರು.

ಅಕ್ಕ ತನ್ನ ಚಪ್ಪಲಿ, ಏಪ್ರನ್ನು, ಊಟದ ಡಬ್ಬಿ ಒಂದು ಚೀಲಕ್ಕೆ ತುಂಬಿಕೊಂಡು ಮೂರನೇ ಮಹಡಿಗೆ ಬಂದಳು. ಲ್ಯಾಬಿನೊಳಗೆ ಹೊರಗಿನವರು ಬರುವಂತಿಲ್ಲ. ಬಾಗಿಲ ಗಾಜಿನಾಚೆ ನಿಂತಳು. ನಾನು ಗ್ಲೌಸು ಬಿಚ್ಚಿ ಹೊರಗೆ ಬಂದೆ.

"ನೀನೇ ಬರೆದ್ಯಂತೆ?"

"ಹ್ಞೂಂ ಅಕ್ಕಾ. ಆದ್ರೆ..."

"ಇತ್ತಾ?"

"ಇತ್ತು."

ಅವಳು ತನ್ನ ಕೈಗಳನ್ನೇ ನೋಡಿಕೊಂಡಳು. "ಹಂಗಾದ್ರೆ ನಾನೇ ಆ ಮಗೂನ ಸಾಯಿಸಿದ್ನೇನೇ?"

"ಇಲ್ಲ ಅಕ್ಕಾ" ಎಂದು ಆ ಹೊತ್ತಿಗೆ ನಾನು ಹೇಳಬೇಕಿತ್ತು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಹೇಳುವ ಅಭ್ಯಾಸ ನನಗಿಲ್ಲ. ಸುಮ್ಮನೆ ನಿಂತೆ. ಆ ಮೌನಕ್ಕೆ ನಾನು ಇವತ್ತಿಗೂ ನನ್ನನ್ನು ಕ್ಷಮಿಸಿಕೊಂಡಿಲ್ಲ. ಅವಳು ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಹೋದಳು.

ಅಂದಿನಿಂದ ಅಕ್ಕ ಒಲೆ ಮುಟ್ಟಲಿಲ್ಲ. ಭಾವ ಬ್ರೆಡ್ಡು ತಂದು ಮುಂದಿಟ್ಟರೆ, "ನೀವೇ ತೆಗೆದುಕೊಳ್ಳಿ, ನಾನು ಮುಟ್ಟಲ್ಲ" ಎನ್ನುತ್ತಿದ್ದಳಂತೆ. ಭಾನುವಾರ ನಾನು ಅವಳ ಮನೆಯಲ್ಲಿದ್ದಾಗ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಬಸ್ ಡ್ರೈವರಿನ ಸಮವಸ್ತ್ರದಲ್ಲಿ ಒಬ್ಬ ಮನುಷ್ಯ. ಗಡ್ಡ ಬೆಳೆದಿತ್ತು. ಏಳನೇ ಹಾಸಿಗೆಯ ಹುಡುಗಿಯ ಅಪ್ಪ. ವಾರ್ಡಿನಲ್ಲಿ ನಾನು ಅವನನ್ನು ಎರಡು ಸಲ ಕಂಡಿದ್ದೆ.

"ಅಡುಗೆಯೋರು ಯಾರು?"

ಅಕ್ಕ ಒಳಗಿಂದ ಎದ್ದು ಬಂದು ಅವನ ಎದುರು ನಿಂತಳು. "ನಾನೇ ಕಣಪ್ಪಾ."

"ನನ್ನ ಮಗಳಿಗೆ ಏನು ಕೊಟ್ರಿ ನೀವು?" ಅವನು ಕಿರುಚಲಿಲ್ಲ. ಕಿರುಚಿದ್ದರೆ ವಾಸಿಯಿತ್ತು. "ಹೊಡೆಯೋಕೆ ಬಂದಿಲ್ಲ. ಏನು ಕೊಟ್ರಿ ಅಷ್ಟು ಹೇಳಿ. ಅವಳಮ್ಮ ದಿನಾ ಕೇಳ್ತಾಳೆ."

ಅಕ್ಕ ಬೆರಳು ಮಡಿಸುತ್ತಾ ಹೇಳಿದಳು. "ಶನಿವಾರ ಬೇಯಿಸಿದ ತರಕಾರಿ, ಅನ್ನ. ರಾತ್ರಿ ಬ್ರೆಡ್ಡು, ಕಾಯಿಸಿದ ಹಾಲು. ಭಾನುವಾರ ಮೊಟ್ಟೆ, ಚೆನ್ನಾಗಿ ಬೆಂದಿದ್ದು. ಸುಡುಸುಡು ಅನ್ನೋದನ್ನೇ ಕಳಿಸಿದೀನಪ್ಪಾ. ಒಂದೂ ಹಸೀದಲ್ಲ. ನನ್ನಾಣೆ."

ಅವನು ತಲೆಯಾಡಿಸಿದ. "ಅವಳು ಅದ್ಯಾವುದೂ ತಿನ್ಲಿಲ್ಲ."

"ಏನಂದ್ರಿ?" ಎಂದೆ ನಾನು.

"ಕೈ ನೋವಿಗೆ ಬಾಯಿಗೆ ರುಚಿ ಇಲ್ಲ ಅಂತ ಹಟ ಮಾಡ್ತಿದ್ಲು. ಎರಡು ದಿನ ಬರೀ ಜ್ಯೂಸು. ಕಾರಿಡಾರಲ್ಲಿ ಮೆಷಿನ್ ಇದೆಯಲ್ಲ, ಅದರ ಬಟನ್ ಒತ್ತೋದು ಅವಳಿಗೆ ಆಟ. ತಟ್ಟೆ ಮುಟ್ಟಿದ ಹಾಗೇ ವಾಪಸ್ ಹೋಗ್ತಿತ್ತು."

"ಹೌದು," ಎಂದಳು ಅಕ್ಕ ಮೆಲ್ಲಗೆ. "ಏಳನೇ ಹಾಸಿಗೆ ತಟ್ಟೆ ತುಂಬಿದ್ದೇ ಬಂದಿತ್ತು. ನಾನು ಬೈಕೊಂಡೆ."

ನಾವು ಮೂವರೂ ಬಾಗಿಲಲ್ಲೇ ನಿಂತಿದ್ದೆವು. ಅಕ್ಕ ಹೊಸ್ತಿಲ ಮೇಲೆ ಕೂತುಬಿಟ್ಟಳು. ಹೊಡೆಯಲು ಬಂದಿಲ್ಲ ಎಂದಿದ್ದ ಆ ಮನುಷ್ಯ ಅವಳ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋಗಿ ಕೂರಿಸಿದ.

ಕಿತ್ತಳೆ ಜ್ಯೂಸಿನ ಆ ಮೆಷಿನ್ನು ಮಕ್ಕಳ ವಾರ್ಡಿನ ಮುಂದಿನ ಕಾರಿಡಾರಿಗೆ ನಾಲ್ಕು ತಿಂಗಳ ಹಿಂದೆ ಬಂದಿತ್ತು. ಮೇಲೆ ಇಡೀ ಹಣ್ಣು ಹಾಕಿದರೆ ಒಳಗೆ ಹಿಂಡಿ, ನಳಿಕೆಯಿಂದ ಕಪ್ಪಿಗೆ ಬೀಳುತ್ತಿತ್ತು. ಬೆಣ್ಣೆ ಸಾಹೇಬರು ರಿಬ್ಬನ್ ಕತ್ತರಿಸಿದ ಫೋಟೋ ಪಕ್ಕದ ಗೋಡೆಗೇ ಇತ್ತು. ಸೋಂಕು ಶುರುವಾದಾಗ ನಾನೇ ಮೇಡಂಗೆ ಅದರ ಬಗ್ಗೆ ಕೇಳಿದ್ದೆ. "ಅಷ್ಟು ಹುಳಿಯಲ್ಲಿ ಇದು ಬದುಕಲ್ಲಮ್ಮ" ಎಂದಿದ್ದರು. ಪುಸ್ತಕದಲ್ಲೂ ಹೆಚ್ಚುಕಡಿಮೆ ಹಾಗೇ ಇದೆ. ನಾನೂ ಒಪ್ಪಿದ್ದೆ.

ಸೋಮವಾರ ಕೆಲಸಕ್ಕೆ ಹೋದವಳೇ ಮೆಷಿನ್ನಿನ ಬಳಿ ನಿಂತೆ. ಕಾರಿಡಾರು ಒರೆಸುವ ಹೆಂಗಸು ಅದನ್ನು ತೊಳೆಯಲು ಬಂದಳು. ಬಕೆಟ್ಟಿಗೆ ನೀರು ಹಿಡಿದು, ಕ್ರಿಮಿನಾಶಕದ ಬಾಟಲಿಯಿಂದ ಒಂದು ಮುಚ್ಚಳ ಸುರಿದು, ನಳಿಕೆಯೊಳಗೆ ಬಿಟ್ಟಳು. ಗೋಡೆಯ ಗಡಿಯಾರ ನೋಡುತ್ತಾ ಐದು ನಿಮಿಷ ನಿಂತು, ಚೆಲ್ಲಿದಳು.

"ಒಂದೇ ಮುಚ್ಚಳ ಸಾಕಾ? ಬಾಟ್ಲಿ ಮೇಲೆ ನಾಲ್ಕು ಅಂತ ಇದೆ. ಇಪ್ಪತ್ತು ನಿಮಿಷ ಅಂತಾನೂ ಇದೆ."

ಅವಳು ಆಚೀಚೆ ನೋಡಿದಳು. "ಮೊದಲು ನಾಲ್ಕೇ ಹಾಕ್ತಿದ್ವಿ. ಜ್ಯೂಸು ವಾಸನೆ ಬರುತ್ತೆ ಅಂತ ಯಾರೋ ದೊಡ್ಡೋರು ಹೇಳಿದ್ರಂತೆ. ಆಮೇಲೆ ಈ ಕಾಗದ ಕೊಟ್ರು." ಗಾಡಿಯ ತಳದಿಂದ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಹಾಳೆ ತೆಗೆದಳು. ಒಂದು ಮುಚ್ಚಳ, ಐದು ನಿಮಿಷ. ಕೆಳಗೆ ಬೆಣ್ಣೆ ಸಾಹೇಬರ ದುಂಡನೆಯ ಸಹಿ. "ನನ್ನ ಹೆಸರು ಹೇಳ್ಬೇಡಿ ತಾಯೀ. ನನ್ನನ್ನೂ ಮನೆಗೆ ಕಳಿಸಿಬಿಡ್ತಾರೆ."

ನಾನು ಆ ಹಾಳೆಯ ಫೋಟೋ ತೆಗೆದುಕೊಂಡೆ. ಉದ್ದ ಕಡ್ಡಿಗೆ ಸುತ್ತಿದ ಹತ್ತಿಯನ್ನು ನಳಿಕೆಯೊಳಗೆ ತೂರಿಸಿ ತಿರುಗಿಸಿದೆ. ಹೊರಗೆ ಬಂದಾಗ ಅದು ಕಂದು ಬಣ್ಣಕ್ಕೆ ತಿರುಗಿ, ಲೋಳೆಲೋಳೆಯಾಗಿತ್ತು. ಈಗಷ್ಟೇ ತೊಳೆದ ನಳಿಕೆ!

ನಳಿಕೆಯಲ್ಲಿ ಅದೇ ಜಾತಿಯ ಬ್ಯಾಕ್ಟೀರಿಯಾ ಸಿಕ್ಕಿತು. ತಟ್ಟೆಗಳನ್ನು ಸಾಲಾಗಿಟ್ಟು ನೋಡಿದಾಗ ಮೊದಲ ದಿನವೇ ನನ್ನ ಕಣ್ಣಿಗೆ ಬಿದ್ದಿದ್ದ, ನಾನು ಗಣನೆಗೇ ತೆಗೆದುಕೊಳ್ಳದ ಒಂದು ಸಂಗತಿ ಎದ್ದು ಕಂಡಿತು. ಮಕ್ಕಳ ತಟ್ಟೆಗಳಲ್ಲಿ ಬ್ಯಾಕ್ಟೀರಿಯಾ ಗುಂಪುಗೂಡಿ ಬೆಳೆದ ಚುಕ್ಕೆಗಳು ಸಣ್ಣವು, ಬೆಳೆದಿದ್ದೂ ತಡವಾಗಿ. ನಳಿಕೆಯದೂ ಹಾಗೇ. ಅಕ್ಕನ ತಟ್ಟೆಯಲ್ಲಿ ಮಾತ್ರ ದಪ್ಪ ದಪ್ಪ, ಕೊಬ್ಬಿದ ಚುಕ್ಕೆಗಳು. ಜಾತಿ ಒಂದೇ, ನಡತೆ ಬೇರೆ. ಕಣ್ಣೆದುರೇ ಇತ್ತಲ್ಲ ಎಂದು ತಲೆ ಚಚ್ಚಿಕೊಂಡೆ.

ಹೊಟ್ಟೆಯೊಳಗಿನಷ್ಟು ಹುಳಿಯಾದ ದ್ರಾವಣ ಮಾಡಿ ಎಲ್ಲವನ್ನೂ ಬೇರೆ ಬೇರೆ ಅದರಲ್ಲಿ ಬಿಟ್ಟೆ. ಅರ್ಧ ಗಂಟೆಗೊಮ್ಮೆ ಒಂದು ಹನಿ ತೆಗೆದು ತಟ್ಟೆಗೆ ಹರಡಿ, ಮರುದಿನ ಎಣಿಸಿದೆ. ಅಕ್ಕನದು ಒಂದು ಗಂಟೆಗೆ ಮೂರೇ ಚುಕ್ಕೆಗೆ ಇಳಿದಿತ್ತು, ಎರಡು ಗಂಟೆಗೆ ತಟ್ಟೆ ಬೋಳು. ಮಕ್ಕಳದೂ ನಳಿಕೆಯದೂ ಎರಡು ಗಂಟೆಯ ನಂತರವೂ ನೂರಾರು. ಒಂದು ಮುಚ್ಚಳದ ನೀರಿನಲ್ಲಿ ಐದು ನಿಮಿಷ ಬಿಟ್ಟರೂ ಅದೇ ಕಥೆ. ನಾಲ್ಕು ಮುಚ್ಚಳ, ಇಪ್ಪತ್ತು ನಿಮಿಷದಲ್ಲಿ ಮಾತ್ರ ಎಲ್ಲವೂ ಸತ್ತವು.

ತಟ್ಟೆಗಳನ್ನು ಎದೆಗವಚಿಕೊಂಡು ಮೇಡಂ ಕೋಣೆಗೆ ಓಡಿದೆ. ಅವರು ಒಂದೊಂದನ್ನೂ ನೋಡಿದರು, ಕನ್ನಡಕ ತೆಗೆದಿಟ್ಟರು.

"ಇದು ನಿಲ್ಲಲ್ಲ" ಎಂದರು.

"ಯಾಕೆ ಮೇಡಂ?"

"ಯಾಕಂದ್ರೆ ನೀನು ಅವಳ ತಂಗಿ. ಯಾವ ತಟ್ಟೆ ಯಾರದು ಅಂತ ನಿನಗೆ ಗೊತ್ತಿತ್ತು. ನಳಿಕೆಯಿಂದ ಮಾದರಿ ತೆಗೆಯೋಕೆ ನಿನಗೆ ಅನುಮತಿ ಕೊಟ್ಟೋರು ಯಾರು? ಅವರು ಕೇಳೋದು ಇದನ್ನೇ."

"ಅವಳ ತಂಗಿಯಾಗಿ ಅವಳ ವಿರುದ್ಧ ಬರೆದಾಗ ನಾನು ಪ್ರಾಮಾಣಿಕಳು. ಅವಳ ಪರ ಬರೆದ ಕೂಡಲೇ ಸುಳ್ಳಿ! ಅಲ್ವಾ ಮೇಡಂ? ಒಂದು ಕೂಸು ಸತ್ತಿದೆ. ಆ ಮೆಷಿನ್ ಇವತ್ತೂ ಓಡ್ತಿದೆ!"

"ಕೂಗಬೇಡ" ಎಂದರು. ಕೂಗುತ್ತಿದ್ದೆನೆಂದು ಆಗಲೇ ನನಗೆ ತಿಳಿದದ್ದು. ಅವರು ಎದ್ದು ಕಾರಿಡಾರಿಗೆ ನಡೆದರು, ನೆಟ್ಟಗೆ ಮೆಷಿನ್ನಿನ ಹಿಂದೆ ಹೋಗಿ ಪ್ಲಗ್ಗು ಕಿತ್ತರು. "ಕೆಟ್ಟಿದೆ ಅಂತ ಒಂದು ಚೀಟಿ ಅಂಟಿಸು. ಉಳಿದದ್ದನ್ನ ಸರಿಯಾಗಿ ಮಾಡೋಣ." ಮೂವತ್ತು ವರ್ಷ ಅಳೆದು ತೂಗಿದ ಹೆಂಗಸು ಆ ದಿನ ಅಳೆಯಲಿಲ್ಲ, ತೂಗಲಿಲ್ಲ.

ಮರುದಿನ ಅವರು ಹನ್ನೆರಡು ಟ್ಯೂಬು ತಂದು ಮುಂದಿಟ್ಟರು. ಒಂಬತ್ತು ಮಕ್ಕಳದು, ಒಂದು ಅಕ್ಕನದು, ಒಂದು ನಳಿಕೆಯಿಂದ ಅವರೇ ಹೊಸದಾಗಿ ತೆಗೆದದ್ದು, ಒಂದು ನಮ್ಮ ಲ್ಯಾಬಿನಲ್ಲಿ ಮೊದಲಿನಿಂದ ಇಟ್ಟುಕೊಂಡಿರುವ ಮಾಮೂಲಿ ತಳಿ. ಮೇಲೆ ಬರೀ ಅಂಕಿ. ಯಾವ ಅಂಕಿ ಯಾರದು ಎಂದು ಬರೆದ ಚೀಟಿಯನ್ನು ಲಕೋಟೆಗೆ ಹಾಕಿ, ಅರಗು ಒತ್ತಿ, ಆಸ್ಪತ್ರೆಗೆ ಸಂಬಂಧವೇ ಇಲ್ಲದ ಒಬ್ಬ ವಕೀಲರ ಬಳಿ ಇಟ್ಟರು. ಅದೇ ಹನ್ನೆರಡರ ಇನ್ನೊಂದು ಜೊತೆಯನ್ನು ತಮ್ಮ ಹಳೆಯ ವಿದ್ಯಾರ್ಥಿಯೊಬ್ಬಳು ಕೆಲಸ ಮಾಡುವ ಸಂಶೋಧನಾ ಸಂಸ್ಥೆಗೆ, ಜೀನುಗಳನ್ನು ಓದಿಸಲು ಕಳಿಸಿದರು.

ನಾನು ಮತ್ತೆ ಮೊದಲಿನಿಂದ ಶುರು ಮಾಡಿದೆ. ಐದು ದಿನಗಳಲ್ಲಿ ಮೂರು ಸಲ. ಈ ನಡುವೆ ಬೆಣ್ಣೆ ಸಾಹೇಬರಿಗೆ ಸುದ್ದಿ ಮುಟ್ಟಿತು. ನನ್ನನ್ನು ಕರೆಸಿ ಕುರ್ಚಿ ತೋರಿಸಿದರು. "ನಿಮ್ಮ ಮನಸ್ಸಿಗೆ ಆಘಾತವಾಗಿದೆ. ನನಗೆ ಅರ್ಥವಾಗುತ್ತೆ. ಸ್ವಲ್ಪ ದಿನ ಹಳೇ ದಾಖಲೆಗಳ ಕೋಣೆಯಲ್ಲಿ ಇರಿ, ದಯವಿಟ್ಟು. ವಿಶ್ರಾಂತಿ ಸಿಗುತ್ತೆ."

"ನನಗೆ ವಿಶ್ರಾಂತಿ ಬೇಡ ಸರ್."

"ನಮಗೆ ಬೇಕಲ್ಲ" ಎಂದು ನಕ್ಕರು.

ದೂಳು ಹಿಡಿದ ಆ ಕೋಣೆಗೆ ನನ್ನನ್ನು ಹಾಕಿದಾಗ ಪರೀಕ್ಷೆ ಮುಗಿದಿತ್ತು. ಅದೊಂದೇ ಪುಣ್ಯ. ಒಂದು ವಾರದ ಮೇಲೆ ಸಂಸ್ಥೆಯ ಫಲಿತಾಂಶವೂ ಬಂತು. ಅದನ್ನು ತಿಳಿದುಕೊಳ್ಳಲು ಡ್ರೈವರು ತನ್ನ ಪಾಳಿ ಮುಗಿಸಿಕೊಂಡು ಅಕ್ಕನ ಮನೆಗೆ ಬಂದ. ಅಷ್ಟು ಹೊತ್ತಿಗೆ ಅವನು ಅಕ್ಕನಿಗೆ "ಅಕ್ಕಾ" ಎನ್ನುತ್ತಿದ್ದ.

"ಬ್ಯಾಕ್ಟೀರಿಯಾದಲ್ಲಿ ಸಾವಿರಾರು ಜೀನ್ ಇರ್ತವೆ ಅಣ್ಣಾ. ಎಲ್ಲವೂ ಯಾವಾಗಲೂ ಕೆಲಸ ಮಾಡ್ತಾ ಇರಲ್ಲ," ಎಂದೆ. "ಕೆಲವು ಜೀನ್‌ಗಳದ್ದು ಮೇಲ್ವಿಚಾರಣೆ ಕೆಲಸ. ಬೇರೆ ಜೀನ್‌ಗಳನ್ನ ಸುಮ್ಮನಿರಿಸೋದು, ಕಷ್ಟ ಬಂದಾಗ ಎಬ್ಬಿಸೋದು. ಮಕ್ಕಳಲ್ಲಿ ಸಿಕ್ಕಿದ್ದರಲ್ಲಿ ಅಂಥ ಒಂದು ಜೀನ್ ಕೆಟ್ಟಿದೆ. ಒಂದೇ ಒಂದು ಅಕ್ಷರ ಬಿದ್ದುಹೋಗಿದೆ."

"ಕೆಟ್ಟರೆ ಬ್ಯಾಕ್ಟೀರಿಯಾಕ್ಕೇ ನಷ್ಟ ಅಲ್ವಾ?"

"ನಷ್ಟವೇ. ಅದಕ್ಕೇ ನಿಧಾನಕ್ಕೆ ಬೆಳೆಯುತ್ತೆ. ಆದ್ರೆ ಆ ಜೀನ್ ಎರಡು ಗುಂಪನ್ನ ಹಿಡಿದಿಟ್ಟಿತ್ತು. ಒಂದು, ಹುಳಿ, ಕ್ರಿಮಿನಾಶಕ ಎಲ್ಲವನ್ನೂ ತಡೆದುಕೊಳ್ಳೋ ಗುಂಪು. ಇನ್ನೊಂದು, ಕರುಳಿಗೆ ಅಂಟಿಕೊಂಡು ವಿಷ ಬಿಡೋ ಗುಂಪು. ಹಿಡಿದಿಟ್ಟಿದ್ದು ಹೋದ ಮೇಲೆ ಎರಡೂ ಹಗಲೂ ರಾತ್ರಿ ಎದ್ದೇ ಇರ್ತವೆ."

"ಬ್ರೇಕ್ ಹೋಗಿದೆ ಅನ್ನಿ."

"ಹ್ಞೂಂ. ಬ್ರೇಕೇ ಹೋಗಿದೆ."

"ಅಂಥದ್ದು ಎಲ್ಲೋ ಒಂದು ಹುಟ್ಟುತ್ತೆ, ಸಾಯುತ್ತೆ, ಅಲ್ವಾ? ಇಲ್ಲಿ ಯಾಕೆ ಉಳೀತು?"

ಮೂರು ಪದವಿ ಓದಿದವರು ಕೇಳದ ಪ್ರಶ್ನೆ ಅದು. "ಬೇರೆ ಕಡೆ ಆಗಿದ್ರೆ ಚೆನ್ನಾಗಿ ಬೆಳೆಯೋ ಮಾಮೂಲಿಗಳ ನಡುವೆ ಇದು ಹಿಂದೆ ಬಿದ್ದು ಹೋಗ್ತಿತ್ತು. ಆ ನಳಿಕೆಯಲ್ಲಿ ದಿನಾ ಒಂದು ಮುಚ್ಚಳದ ನೀರು ಬಿಟ್ಟು, ಮಾಮೂಲಿಗಳನ್ನೆಲ್ಲ ಕೊಂದು, ಇದೊಂದಕ್ಕೆ ಜಾಗ ಮಾಡಿಕೊಟ್ರು. ನಾಲ್ಕು ಮುಚ್ಚಳ ಹಾಕಿದ್ರೆ ಇದೂ ಸಾಯ್ತಿತ್ತು."

ಅವನು ಎದ್ದು ಕಿಟಕಿಯ ಕಡೆ ತಿರುಗಿ ನಿಂತ. "ವಾಸನೆ ಬರುತ್ತೆ ಅಂತ," ಎಂದ. "ಒಂಚೂರು ವಾಸನೆ ಬರುತ್ತೆ ಅಂತ."

ಅಕ್ಕ ಒಳಗೆ ಹೋಗಿ, ಮೂರು ವಾರಗಳಲ್ಲಿ ಮೊದಲ ಸಲ ಒಲೆ ಹಚ್ಚಿ, ಅವನಿಗೆ ಊಟ ಬಡಿಸಿದಳು. ಅವನು ಪೂರ್ತಿ ಉಂಡ.

ವಿಚಾರಣಾ ಸಮಿತಿಯಲ್ಲಿ ಮೂವರಿದ್ದರು. ಅಧ್ಯಕ್ಷರು ಯಾರು? ಬೆಣ್ಣೆ ಸಾಹೇಬರೇ! ತಮ್ಮ ಸಹಿಯ ಮೇಲೆ ತಾವೇ ತೀರ್ಪು ಕೊಡಲು ಕೂತಿದ್ದರು. ಉದ್ದನೆಯ ಮೇಜು, ಎಲ್ಲರ ಮುಂದೆ ಸೀಲು ಮಾಡಿದ ನೀರಿನ ಬಾಟಲಿ. ಮಗುವಿನ ತಂದೆಯಾಗಿ ಡ್ರೈವರಿಗೂ ಒಂದು ಕುರ್ಚಿ ಹಾಕಿದ್ದರು, ಗೋಡೆಯ ಪಕ್ಕಕ್ಕೆ. ಅಕ್ಕನಿಗೆ ಕುರ್ಚಿಯಿರಲಿಲ್ಲ. ಅವನು ತನ್ನದನ್ನು ಅವಳಿಗೆ ಕೊಟ್ಟು ನಿಂತೇ ಇದ್ದ.

ಮೊದಲು ನನ್ನ ಫಲಿತಾಂಶ ಓದಿದರು. ಹತ್ತು ಟ್ಯೂಬುಗಳದು ಒಂದು ನಡತೆ, ನಾಲ್ಕು ಮತ್ತು ಹನ್ನೊಂದನೇ ಅಂಕಿಯವುಗಳದು ಬೇರೆ ನಡತೆ; ಆ ಎರಡೂ ಹುಳಿಯಲ್ಲಿ ಸತ್ತವು. ಆಮೇಲೆ ಸಂಸ್ಥೆಯದು: ಹತ್ತರಲ್ಲಿ ನಿಯಂತ್ರಕ ಜೀನು ಕೆಟ್ಟಿದೆ, ನಾಲ್ಕು ಮತ್ತು ಹನ್ನೊಂದರಲ್ಲಿ ಸರಿಯಿದೆ. ವಕೀಲರು ಅರಗು ಒಡೆದು ಚೀಟಿ ಬಿಡಿಸಿದರು. "ನಾಲ್ಕು, ಲ್ಯಾಬಿನ ಮಾಮೂಲಿ ತಳಿ. ಹನ್ನೊಂದು, ಅಡುಗೆಯವರು. ಏಳು, ಜ್ಯೂಸ್ ಮೆಷಿನ್ನಿನ ನಳಿಕೆ. ಉಳಿದ ಒಂಬತ್ತೂ ಮಕ್ಕಳು."

ನಾನು ಆ ಕ್ರಿಮಿನಾಶಕದ ಹಾಳೆಯ ಫೋಟೋವನ್ನು ಮೇಜಿನ ಮೇಲಿಟ್ಟೆ.

ಬೆಣ್ಣೆ ಸಾಹೇಬರು ಅದನ್ನು ನೋಡಲಿಲ್ಲ. "ತುಂಬಾ ಆಸಕ್ತಿಕರ," ಎಂದರು. "ವೈಜ್ಞಾನಿಕವಾಗಿ ಹಲವು ಸಾಧ್ಯತೆಗಳು ಇರಬಹುದು. ಎಲ್ಲವನ್ನೂ ಪರಿಗಣಿಸೋಣ."

"ಸಾಹೇಬ್ರೇ," ಎಂದ ಡ್ರೈವರು ಗೋಡೆಯ ಪಕ್ಕದಿಂದ. "ಇವರನ್ನ ತೆಗೆದ ದಿನ ಒಂದೇ ಸಾಧ್ಯತೆ ಇತ್ತಲ್ಲ ನಿಮಗೆ? ಅದೂ ಒಂದು ಗಂಟೆಯಲ್ಲಿ?"

"ನಿಮ್ಮ ದುಃಖ ನಮಗೆ..."

"ನನ್ನ ದುಃಖದ ತಂಟೆಗೆ ಬರಬೇಡಿ. ಕೇಳಿದ್ದಕ್ಕೆ ಹೇಳಿ. ಆ ಸಹಿ ಯಾರದು?"

ಅವರು ಗಡಿಯಾರ ನೋಡಿಕೊಂಡು ಸಭೆ ಮುಗಿಸಿದರು. ಉತ್ತರ ಅವತ್ತೂ ಬರಲಿಲ್ಲ, ಆಮೇಲೂ ಬರಲಿಲ್ಲ.

ಹದಿನೈದು ದಿನಕ್ಕೆ ಬಂದ ವರದಿಯನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಸೋಂಕು ಯಂತ್ರದ ಮೂಲಕ ಹರಡಿರುವ ಸಂಭವವಿದೆಯಂತೆ. ಯಂತ್ರವನ್ನು ತೆರವುಗೊಳಿಸಲಾಗಿದೆಯಂತೆ. "ಯಾವುದೇ ವ್ಯಕ್ತಿಯ ನಿರ್ಲಕ್ಷ್ಯ ಕಂಡುಬಂದಿಲ್ಲ." ಅಡುಗೆಯವಳಾಗಿದ್ದಾಗ ತಪ್ಪಿಗೆ ಮುಖವಿತ್ತು, ಕೈಯಿತ್ತು, ಮನೆ ವಿಳಾಸವಿತ್ತು. ಮೇಲಿನವರ ಬುಡಕ್ಕೆ ಬಂದ ಕೂಡಲೇ ತಪ್ಪು ಯಾರದೂ ಅಲ್ಲದೆ ಗಾಳಿಯಲ್ಲಿ ಕರಗಿಹೋಯಿತು. ಸೋಂಕಿನ ಮೂಲ ಪತ್ತೆಯಾಗಿದೆ ಎಂದು ಸಾರಿದ್ದ ಪತ್ರಿಕೆಗಳಲ್ಲಿ ಇದರ ಬಗ್ಗೆ ಒಂದು ಸಾಲೂ ಬರಲಿಲ್ಲ.

ಅಕ್ಕನಿಗೆ ಒಂದು ಪತ್ರ ಬಂತು. ಮಾನವೀಯ ದೃಷ್ಟಿಯಿಂದ ಅವಳನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲು ಒಪ್ಪಲಾಗಿದೆಯಂತೆ. ಅವಳು ಅದನ್ನು ನನ್ನ ಕೈಯಲ್ಲಿ ಎರಡು ಸಲ ಓದಿಸಿದಳು.

"ಮಾನವೀಯ ದೃಷ್ಟಿ ಅಂದ್ರೆ ತಪ್ಪು ಮಾಡಿದೋರಿಗೆ ತೋರಿಸೋದು ಅಲ್ವೇನೇ?"

"ಹೌದಕ್ಕಾ."

"ಹಂಗಾದ್ರೆ ಇದು ಅವರದ್ದು. ಅವರಿಗೇ ವಾಪಸ್ ಕೊಡು." ಪತ್ರದ ಹಿಂದೆ ತನ್ನ ಸೊಟ್ಟ ಅಕ್ಷರದಲ್ಲಿ 'ನನ್ನದು ತಪ್ಪಿಲ್ಲ ಅಂತ ಬರೆದು ಕಳಿಸಿ, ಬರ್ತೀನಿ' ಎಂದು ಬರೆದಳು. ಅವರು ಬರೆಯಲಿಲ್ಲ. ಅವಳು ಹೋಗಲಿಲ್ಲ. ಈಗ ಒಂದು ವಿದ್ಯಾರ್ಥಿನಿಲಯದಲ್ಲಿ ಅಡುಗೆ ಮಾಡುತ್ತಾಳೆ. ಸೇರುವ ಮೊದಲೇ ವಾರ್ಡನ್ನಿಗೆ ಇಡೀ ಕಥೆ ಹೇಳಿ, ಎರಡು ಸಲ ಪರೀಕ್ಷೆ ಮಾಡಿಸಿಕೊಂಡ ಚೀಟಿ ತೋರಿಸಿ ಸೇರಿದ್ದು. ಎರಡರಲ್ಲೂ ಏನೂ ಇರಲಿಲ್ಲ. ಅವಳ ಕರುಳಿನಲ್ಲಿದ್ದದ್ದು ತಾನಾಗಿಯೇ ಹೋಗಿತ್ತು.

ನನಗೆ ಇಷ್ಟಕ್ಕೇ ಸುಮ್ಮನಾಗಲು ಆಗಲಿಲ್ಲ. ಅದೇ ಮೆಷಿನ್ನು ಇನ್ನೂ ನಾಲ್ಕು ಆಸ್ಪತ್ರೆಗಳಲ್ಲಿತ್ತು. ಮೇಡಂ ನಿವೃತ್ತಿಗೆ ನಾಲ್ಕು ದಿನವಿರುವಾಗ ನಾಲ್ಕಕ್ಕೂ ತಮ್ಮ ಹೆಸರಲ್ಲೇ ಪತ್ರ ಬರೆದರು. ಸಂಸ್ಥೆಯವರು ಅಷ್ಟರಲ್ಲಿ ಇನ್ನೊಂದು ಪ್ರಯೋಗ ಮಾಡಿದ್ದರು: ಜೀನು ಕೆಟ್ಟಿದ್ದ ಬ್ಯಾಕ್ಟೀರಿಯಾದೊಳಗೆ ಆ ಜೀನಿನ ಸರಿಯಾದ ಪ್ರತಿಯನ್ನು ಸೇರಿಸಿದಾಗ ಅದು ಮತ್ತೆ ಹುಳಿಯಲ್ಲಿ ಸಾಯತೊಡಗಿತ್ತು, ಕರುಳಿನ ಕೋಶಗಳಿಗೆ ಅಂಟುವುದನ್ನೂ ಬಿಟ್ಟಿತ್ತು. ಅದನ್ನೂ ಪತ್ರಕ್ಕೆ ಲಗತ್ತಿಸಿದರು. "ನಿವೃತ್ತಿ ಸಮಾರಂಭ ಮಾಡಲ್ವಂತೆ," ಎಂದು ಸಹಿ ಹಾಕುತ್ತಾ ನಕ್ಕರು. "ಭಾಷಣ ಕೇಳೋದು ತಪ್ಪಿತು ಬಿಡು."

ಮೂರು ಆಸ್ಪತ್ರೆಗಳು ಮೆಷಿನ್ನು ನಿಲ್ಲಿಸಿದವು. ನಾಲ್ಕನೆಯದು ನಿಮ್ಮ ಪತ್ರ ತಲುಪಿದೆ ಎಂದಷ್ಟೇ ಬರೆಯಿತು. ಒಂದು ತಿಂಗಳು ಕಾದೆವು. ಡ್ರೈವರಿಗೆ ವಾರದ ರಜೆಯಿದ್ದ ಒಂದು ಬೆಳಿಗ್ಗೆ ಅವನೂ ನಾನೂ ಅಲ್ಲಿಗೆ ಹೋದೆವು.

ಅಲ್ಲೂ ಮಕ್ಕಳ ವಾರ್ಡಿನ ಮುಂದೆಯೇ ಇತ್ತು. ದೀಪ ಉರಿಯುತ್ತಿತ್ತು, ಮೇಲೆ ಕಿತ್ತಳೆ ತುಂಬಿತ್ತು. ಕಾಲಿಗೆ ಬ್ಯಾಂಡೇಜು ಸುತ್ತಿದ ಒಬ್ಬಳು ಹುಡುಗಿ ಕಪ್ಪು ಹಿಡಿದು, ಬಟನ್ನಿಗೆ ಕೈ ಚಾಚುತ್ತಿದ್ದಳು. ನಾನು ಇನ್ನೂ ಚೀಲದಿಂದ ಹತ್ತಿಯ ಕಡ್ಡಿ ತೆಗೆಯುತ್ತಿದ್ದೆ. ಡ್ರೈವರು ಎರಡೇ ಹೆಜ್ಜೆಗೆ ಅಲ್ಲಿಗೆ ಮುಟ್ಟಿ, ನಳಿಕೆಯ ಬಾಯಿಗೆ ಅಂಗೈ ಒಡ್ಡಿದ. ಜ್ಯೂಸು ಅವನ ಕೈ ಮೇಲೆ, ತೋಳಿನ ಮೇಲೆ, ನೆಲಕ್ಕೆ ಸುರಿಯಿತು.

"ಬೇಡ ಪುಟ್ಟೀ. ಇದು ಬೇಡ. ಹಾಲು ಕೊಡಿಸ್ತೀನಿ ಬಾ."

ಕಾವಲುಗಾರ ಓಡಿ ಬಂದ. "ಏಯ್, ಯಾರ್ರೀ ನೀವು? ಏನ್ ಮಾಡ್ತಿದೀರ? ಕೈ ತೆಗೀರಿ!"

"ತೆಗೆಯಲ್ಲ," ಎಂದ ಡ್ರೈವರು. "ನಿಮ್ಮ ದೊಡ್ಡೋರನ್ನ ಕರೀರಿ. ಅವರು ಬಂದು ಪ್ಲಗ್ ಕಿತ್ತ ಮೇಲೆ ತೆಗೀತೀನಿ."

ಜನ ಸೇರಿದರು. ಒಬ್ಬ ನರ್ಸು ಹುಡುಗಿಯನ್ನು ಎತ್ತಿಕೊಂಡಳು. ನಾನು ಮೇಡಂ ಬರೆದ ಪತ್ರದ ಪ್ರತಿಯನ್ನು ಹೊರತೆಗೆದು, ಅಲ್ಲಿದ್ದ ತಾಯಂದಿರಿಗೆ ಕೇಳುವಂತೆ ಮೊದಲ ಸಾಲಿನಿಂದ ಗಟ್ಟಿಯಾಗಿ ಓದತೊಡಗಿದೆ. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಒಬ್ಬ ತಾಯಿ ಮೆಷಿನ್ನಿನ ಹಿಂದೆ ಬಗ್ಗಿ, ಯಾರನ್ನೂ ಕೇಳದೆ ಪ್ಲಗ್ಗು ಕಿತ್ತುಬಿಟ್ಟಳು.